ಸೀರೆಯ ಬಣ್ಣಕ್ಕೆ ಕಿಟಕಿಯೇ ಸಾಕ್ಷಿ

ಸೀರೆಯಂಗಡಿಯಲ್ಲಿ ಇಳಕಲ್ ಸೀರೆಯೊಂದನ್ನು ಮೆಚ್ಚಿಕೊಂಡವರು ಹಣ ಕೊಡುವ ಮೊದಲು ಅದನ್ನು ಬಾಗಿಲಿನವರೆಗೆ ಒಯ್ದು, ಹೊರಗಿನ ಬೆಳಕಿಗೆ ಹಿಡಿದು ನೋಡುವುದು ಕರ್ನಾಟಕದ ಊರೂರಿನಲ್ಲೂ ಇರುವ ಹಳೆಯ ರೂಢಿ. ಟ್ಯೂಬ್‌ಲೈಟಿನ ಕೆಳಗೆ ಕಂಡ ಬಣ್ಣ ಹಗಲಿನಲ್ಲಿ ಹಾಗೆಯೇ ಕಾಣಲಾರದು ಎಂಬ ಅನುಭವ ಆ ರೂಢಿಯ ಹಿಂದಿದೆ. ಬೆರಳಿನಿಂದ ನೇಯ್ಗೆ ಮುಟ್ಟುವುದು, ಸೆರಗು ಬಿಡಿಸುವುದು, ಅಂಚಿನ ಹಿಂಬದಿಯನ್ನು ತಿರುಗಿಸಿ ನೋಡುವುದು ಇವೂ ಅದೇ ಪರೀಕ್ಷೆಯ ಭಾಗಗಳು. ಆನ್‌ಲೈನ್ ಮಳಿಗೆಯಲ್ಲಿ ಬಾಗಿಲೂ ಇಲ್ಲ, ಬೆರಳಿಗೆ ಸಿಗುವ ಬಟ್ಟೆಯೂ ಇಲ್ಲವಾದ್ದರಿಂದ ಈ ಎಲ್ಲ ಪರೀಕ್ಷೆಗಳನ್ನು ಕೊಳ್ಳುವವರ ಪರವಾಗಿ ಛಾಯಾಚಿತ್ರವೇ ನಡೆಸಿಕೊಡಬೇಕಾಗುತ್ತದೆ. ಹಾಗಾಗಿ ಮಾರಾಟದ ಚಿತ್ರವನ್ನು ಅಲಂಕಾರವೆಂದು ಎಣಿಸುವುದಕ್ಕಿಂತ ಅಳತೆಯೆಂದು ಎಣಿಸುವುದು ಹೆಚ್ಚು ಸರಿ. ಗಜಕಡ್ಡಿ ಇಂದು ಒಂದು ಉದ್ದ, ನಾಳೆ ಇನ್ನೊಂದು ಉದ್ದವಾದರೆ ಬಟ್ಟೆಯ ವ್ಯಾಪಾರ ನಡೆಯುವುದಿಲ್ಲ. ಚಿತ್ರಗಳ ವಿಷಯದಲ್ಲಿಯೂ ಅಷ್ಟೇ.

ಈ ಅಳತೆಯ ಗುಣವನ್ನು ಸ್ಥಿರತೆ ಎಂಬ ಮಾತಿನಿಂದ ಹೇಳಬಹುದು. ಒಂದೇ ಪುಟದಲ್ಲಿ ಹತ್ತು ಸೀರೆಗಳು ಕಾಣಿಸಿದಾಗ ಒಂದಕ್ಕೂ ಇನ್ನೊಂದಕ್ಕೂ ಇರುವ ವ್ಯತ್ಯಾಸ ಸೀರೆಗಳದ್ದೇ ಆಗಿರಬೇಕು. ಬೆಳಕಿನದ್ದೋ, ಹಿನ್ನೆಲೆಯದ್ದೋ, ಚಿತ್ರ ತೆಗೆದವರು ನಿಂತ ಜಾಗದ್ದೋ ಆಗಿರಬಾರದು. ಬೆಳಿಗ್ಗೆ ಅಂಗಳದಲ್ಲಿ ತೆಗೆದ ಕೆಂಪು ಸೀರೆ, ಸಂಜೆ ಬಲ್ಬಿನ ಕೆಳಗೆ ತೆಗೆದ ಕೆಂಪು ಸೀರೆ ಮತ್ತು ಮಂಚದ ಹೊದಿಕೆಯ ಮೇಲೆ ಹರಡಿ ತೆಗೆದ ಕೆಂಪು ಸೀರೆ ಇವು ಒಂದೇ ಬಣ್ಣದ ಹೊಂಡದಲ್ಲಿ ಅದ್ದಿದ ನೂಲಿನವಾಗಿದ್ದರೂ ಮೂರು ಬೇರೆ ಬಣ್ಣಗಳಾಗಿ ತೋರುತ್ತವೆ, ಆಗ ಕೊಳ್ಳುವವರು ಮೂರನ್ನೂ ನಂಬುವುದಿಲ್ಲ. ಇಂಥ ಸ್ಥಿರತೆಗೆ ಬೆಲೆಬಾಳುವ ಕ್ಯಾಮೆರಾ ಬೇಕು ಎಂಬ ಭಯ ಸಣ್ಣ ನೇಕಾರರಲ್ಲಿಯೂ ಕುಶಲಕರ್ಮಿಗಳಲ್ಲಿಯೂ ಇದೆ. ಆ ಭಯಕ್ಕೆ ಆಧಾರವಿಲ್ಲ. ಈಗಿನ ಸಾಮಾನ್ಯ ಮೊಬೈಲಿನ ಕ್ಯಾಮೆರಾ ಫೋನಿನ ಪರದೆಯ ಮೇಲೆ ನೋಡುವ ಚಿತ್ರಕ್ಕೆ ಸಾಕಾದಷ್ಟು ವಿವರವನ್ನು ಹಿಡಿಯುತ್ತದೆ. ಕೊರತೆಯಾಗುವುದು ಉಪಕರಣದಲ್ಲಲ್ಲ, ಬದಲಾಗದ ಒಂದು ಜಾಗವನ್ನು ಗೊತ್ತುಪಡಿಸಿಕೊಳ್ಳುವುದರಲ್ಲಿ.

ಚಿತ್ರ ಮತ್ತು ವಸ್ತು ಹೊಂದಿಕೆಯಾಗಬೇಕೆಂಬುದು ಕೇವಲ ವ್ಯಾಪಾರದ ಜಾಣತನವಲ್ಲ, ಕಾನೂನಿನ ಮಾತೂ ಹೌದು. ಕೇಂದ್ರ ಸರ್ಕಾರ 2020ರಲ್ಲಿ ಜಾರಿಗೆ ತಂದ ಗ್ರಾಹಕ ಸಂರಕ್ಷಣೆಯ ಇ-ವಾಣಿಜ್ಯ ನಿಯಮಗಳ ಪ್ರಕಾರ ಮಾರಾಟಗಾರರ ಜಾಹೀರಾತು ವಸ್ತುವಿನ ನಿಜವಾದ ಲಕ್ಷಣಗಳಿಗೆ ಅನುಗುಣವಾಗಿರಬೇಕು, ಮತ್ತು ಜಾಹೀರಾತಿನಲ್ಲಿ ತೋರಿಸಿದ ಲಕ್ಷಣಗಳಿಲ್ಲದ ವಸ್ತುವನ್ನು ಗ್ರಾಹಕರು ಹಿಂತಿರುಗಿಸಿದರೆ ಅದನ್ನು ಮರಳಿ ಪಡೆಯಲು ನಿರಾಕರಿಸುವಂತಿಲ್ಲ. ಕೈಮಗ್ಗದ ಸೀರೆಯೊಂದು ಹೀಗೆ ಮಡಿಕೆ ಬಿಚ್ಚಿಕೊಂಡು, ಹೋಗಿ ಬರುವ ಸಾಗಣೆಯ ಖರ್ಚನ್ನು ಹೊತ್ತು ಮರಳಿದರೆ ನಷ್ಟವಾಗುವುದು ಮಗ್ಗದ ಮುಂದೆ ದಿನಗಟ್ಟಲೆ ಕುಳಿತವರಿಗೇ.

ಜಾಗವನ್ನು ಗೊತ್ತುಪಡಿಸುವುದೆಂದರೆ ಮೊದಲು ಬೆಳಕನ್ನು ಗೊತ್ತುಪಡಿಸುವುದು. ಎಲ್ಲ ಬೆಳಕೂ ಕಣ್ಣಿಗೆ ಬಿಳಿಯಾಗಿ ಕಂಡರೂ ಪ್ರತಿಯೊಂದಕ್ಕೂ ತನ್ನದೇ ಆದ ಬಣ್ಣವಿದೆ. ಅದನ್ನು ವರ್ಣತಾಪ ಎಂದು ಕರೆದು ಕೆಲ್ವಿನ್ ಎಂಬ ಮಾನದಲ್ಲಿ ಅಳೆಯುತ್ತಾರೆ. ಹಳೆಯ ತಂತಿಯ ಬಲ್ಬಿನ ಹಳದಿ ಬೆಳಕು ಸುಮಾರು 2,700 ಕೆಲ್ವಿನ್, ನಡುಹಗಲಿನ ಬಿಸಿಲು ಸುಮಾರು 5,500 ಕೆಲ್ವಿನ್, ಆಕಾಶವಷ್ಟೇ ಬೆಳಗುವ ನೆರಳಿನ ಜಾಗದ ನೀಲಿ ಬೆರೆತ ಬೆಳಕು 7,000 ಕೆಲ್ವಿನ್‌ಗೂ ಮೇಲೆ. ಅಂದರೆ ಸಂಖ್ಯೆ ಕಡಿಮೆಯಾದಷ್ಟೂ ಬೆಳಕು ಕೆಂಪಿನ ಕಡೆಗೆ, ಹೆಚ್ಚಾದಷ್ಟೂ ನೀಲಿಯ ಕಡೆಗೆ ವಾಲುತ್ತದೆ. ಮನುಷ್ಯನ ಮಿದುಳು ಈ ವ್ಯತ್ಯಾಸವನ್ನು ತಾನಾಗಿಯೇ ಸರಿದೂಗಿಸಿಕೊಳ್ಳುತ್ತದೆ, ಕ್ಯಾಮೆರಾ ಊಹೆಯಿಂದ ಸರಿಪಡಿಸಲು ಯತ್ನಿಸುತ್ತದೆ. ಕೋಣೆಯಲ್ಲಿ ಒಂದೇ ಬಗೆಯ ಬೆಳಕಿದ್ದರೆ ಆ ಊಹೆ ಬಹುಮಟ್ಟಿಗೆ ಸರಿಹೋಗುತ್ತದೆ. ಒಂದು ಕಡೆಯಿಂದ ಕಿಟಕಿಯ ಬೆಳಕು, ಮೇಲಿನಿಂದ ಬಲ್ಬಿನ ಬೆಳಕು ಬಿದ್ದರೆ ಸೀರೆಯ ಒಂದು ಮಗ್ಗುಲು ನೀಲಿಯಾಗಿ, ಇನ್ನೊಂದು ಹಳದಿಯಾಗಿ ದಾಖಲಾಗಿ ಆಮೇಲೆ ಯಾವ ತಿದ್ದುಪಡಿಗೂ ಬಗ್ಗದೆ ಉಳಿಯುತ್ತದೆ. ಆದ್ದರಿಂದ ಹಗಲಿನಲ್ಲಿ ಚಿತ್ರ ತೆಗೆಯುವಾಗ ಮನೆಯ ದೀಪಗಳನ್ನೆಲ್ಲ ಆರಿಸುವುದು ಒಂದು ಪೈಸೆಯ ಖರ್ಚೂ ಇಲ್ಲದ, ಆದರೆ ಎಲ್ಲಕ್ಕಿಂತ ಹೆಚ್ಚು ಫಲ ಕೊಡುವ ಕ್ರಮ.

ಯಾವ ಕಿಟಕಿ ಎಂಬ ಪ್ರಶ್ನೆಗೆ ಛಾಯಾಗ್ರಹಣದ ಇಂಗ್ಲಿಷ್ ಪುಸ್ತಕಗಳು ಉತ್ತರದಿಕ್ಕಿನ ಕಿಟಕಿ ಎಂದು ಉತ್ತರ ಕೊಡುತ್ತವೆ. ಯುರೋಪಿನಲ್ಲಿ ಸೂರ್ಯ ನಡುಹಗಲಿನಲ್ಲಿ ಯಾವಾಗಲೂ ದಕ್ಷಿಣದಲ್ಲಿರುವುದರಿಂದ ಉತ್ತರದ ಕಿಟಕಿಗೆ ನೇರ ಬಿಸಿಲು ಬಹಳ ಕಡಿಮೆ ಬೀಳುತ್ತದೆ, ದಿನವಿಡೀ ಸಮನಾದ ಆಕಾಶದ ಬೆಳಕು ಸಿಗುತ್ತದೆ. ಕರ್ನಾಟಕದ ಲೆಕ್ಕ ಸ್ವಲ್ಪ ಬೇರೆ. ಬೆಂಗಳೂರಿನಲ್ಲಿ ಏಪ್ರಿಲ್ 24ರ ಸುಮಾರಿಗೆ ಮತ್ತು ಆಗಸ್ಟ್ 18ರ ಸುಮಾರಿಗೆ ನಡುಹಗಲಿನ ಸೂರ್ಯ ನೆತ್ತಿಯ ಮೇಲೆ ಬಂದು ನೆಟ್ಟ ಕೋಲಿನ ನೆರಳು ಕಾಣದಾಗುತ್ತದೆ. ಇನ್ನೂ ಉತ್ತರಕ್ಕಿರುವ ಇಳಕಲ್ಲಿನಲ್ಲಿ ಆ ದಿನಗಳು ಮೇ ತಿಂಗಳ ಮೊದಲ ವಾರಕ್ಕೂ ಆಗಸ್ಟ್ ತಿಂಗಳ ಮೊದಲ ಭಾಗಕ್ಕೂ ಬರುತ್ತವೆ. ಈ ಎರಡು ದಿನಗಳ ನಡುವಿನ ಅವಧಿಯಲ್ಲಿ ನಡುಹಗಲಿನ ಸೂರ್ಯ ಉತ್ತರದ ಕಡೆಗೇ ಇರುತ್ತಾನೆ, ಬೆಳಗ್ಗೆ ಮತ್ತು ಸಂಜೆಯ ಬಿಸಿಲಂತೂ ಮಾರ್ಚ್ ಕೊನೆಯಿಂದ ಸೆಪ್ಟೆಂಬರ್‌ವರೆಗೂ ಉತ್ತರದ ಕಿಟಕಿಯೊಳಗೆ ಓರೆಯಾಗಿ ನುಸುಳಬಲ್ಲದು. ಹೀಗಾಗಿ ಪುಸ್ತಕದ ಸಲಹೆಯನ್ನು ಕಣ್ಣುಮುಚ್ಚಿ ಪಾಲಿಸುವುದಕ್ಕಿಂತ ಒಂದು ದಿನ ಪೂರ್ತಿ ಮನೆಯ ಕಿಟಕಿಗಳನ್ನು ಗಮನಿಸಿ, ಯಾವ ಕಿಟಕಿಗೆ ಯಾವ ಹೊತ್ತಿನಲ್ಲಿ ನೇರ ಬಿಸಿಲು ಇಲ್ಲ ಎಂಬುದನ್ನು ಗೋಡೆಯ ಕ್ಯಾಲೆಂಡರಿನಲ್ಲಿ ಬರೆದಿಟ್ಟುಕೊಂಡು, ಋತು ಬದಲಾದಾಗ ಮತ್ತೊಮ್ಮೆ ನೋಡುವುದು ಇಲ್ಲಿಗೆ ಒಪ್ಪುವ ವಿಧಾನ.

ಬಿಸಿಲು ನೇರವಾಗಿ ಬಿದ್ದೇ ಬೀಳುವ ಕಿಟಕಿಯಾದರೆ ಅದಕ್ಕೆ ತೆಳುವಾದ ಬಿಳಿ ಪಂಚೆಯನ್ನೋ ಬಟರ್ ಪೇಪರನ್ನೋ ಕಟ್ಟಬೇಕು. ನೆರಳಿನ ಅಂಚು ಗಡುಸಾಗುವುದೂ ಮೃದುವಾಗುವುದೂ ಬೆಳಕಿನ ಮೂಲ ವಸ್ತುವಿಗೆ ಎಷ್ಟು ದೊಡ್ಡದಾಗಿ ಕಾಣುತ್ತದೆ ಎಂಬುದನ್ನು ಅವಲಂಬಿಸಿದೆ: ಸೂರ್ಯ ಅತಿ ದೊಡ್ಡದಾದರೂ ಅತಿ ದೂರದಲ್ಲಿರುವುದರಿಂದ ಆಕಾಶದಲ್ಲಿ ಚಿಕ್ಕ ಬಿಂದುವಿನಂತಿದ್ದು ಗಡುಸು ನೆರಳನ್ನು ಕೊಡುತ್ತಾನೆ, ಅದೇ ಬಿಸಿಲು ಪಂಚೆಯ ಮೇಲೆ ಬಿದ್ದು ಹರಡಿದಾಗ ಇಡೀ ಪಂಚೆಯೇ ಬೆಳಕಿನ ಮೂಲವಾಗಿ ನೆರಳು ಮೃದುವಾಗುತ್ತದೆ. ಕಿಟಕಿಯ ಎದುರು ಮಗ್ಗುಲಿನಲ್ಲಿ ಬಿಳಿ ಥರ್ಮೋಕೋಲ್ ಹಾಳೆಯನ್ನು ನಿಲ್ಲಿಸಿದರೆ ಅದು ಬೆಳಕನ್ನು ಮರಳಿ ಎಸೆದು ಕತ್ತಲೆಯ ಮಗ್ಗುಲನ್ನು ತುಂಬುತ್ತದೆ. ಹಿನ್ನೆಲೆಗೆ ಸ್ಟೇಷನರಿ ಅಂಗಡಿಯ ಬಿಳಿ ಚಾರ್ಟ್ ಪೇಪರನ್ನು ಗೋಡೆಯಿಂದ ಮೇಜಿನವರೆಗೆ ಮಡಿಕೆಯಿಲ್ಲದೆ ಬಾಗಿಸಿ ಅಂಟಿಸಿದರೆ ಗೋಡೆ ಮತ್ತು ಮೇಜು ಕೂಡುವ ಗೆರೆ ಮಾಯವಾಗುತ್ತದೆ. ಇನ್ನೊಂದು ಎಚ್ಚರಿಕೆ ವಿಶೇಷವಾಗಿ ಇಲ್ಲಿನ ಮನೆಗಳಿಗೆ ಸಂಬಂಧಿಸಿದ್ದು: ಹಸಿರು ಅಥವಾ ಗುಲಾಬಿ ಬಣ್ಣ ಬಳಿದ ಗೋಡೆ ಮತ್ತು ರೆಡ್ ಆಕ್ಸೈಡ್ ನೆಲ ತಮ್ಮ ಬಣ್ಣವನ್ನು ವಸ್ತುವಿನ ಮೇಲೆ ಚೆಲ್ಲುತ್ತವೆ, ಬಿಳಿ ಸೀರೆಯ ಕೆಳಮಡಿಕೆಗಳಲ್ಲಿ ಕಾಣುವ ಕೆಂಪು ಛಾಯೆ ಎಷ್ಟೋ ಸಲ ನೆಲದ್ದೇ. ಹಳೆಯ ಬಿಳಿ ಬೆಡ್‌ಶೀಟೊಂದನ್ನು ನೆಲಕ್ಕೆ ಹಾಸಿದರೆ ಆ ತೊಂದರೆ ತೀರುತ್ತದೆ.

ಮಳೆಗಾಲದ ಮೋಡದಲ್ಲಿಯೋ ರಾತ್ರಿಯೋ ಕೆಲಸ ಮಾಡಬೇಕಾದವರಿಗೆ ಎಲ್‌ಇಡಿ ಬಲ್ಬುಗಳೇ ಗತಿ. ಅವುಗಳನ್ನು ಕೊಳ್ಳುವಾಗ ಪೊಟ್ಟಣದ ಮೇಲೆ ಸಿಆರ್‌ಐ ಎಂಬ ಸೂಚ್ಯಂಕವನ್ನು ನೋಡಬೇಕು; ವಸ್ತುಗಳ ಬಣ್ಣವನ್ನು ಆ ಬೆಳಕು ಎಷ್ಟು ನಿಷ್ಠೆಯಿಂದ ತೋರಿಸುತ್ತದೆ ಎಂಬುದನ್ನು 100ರ ಗರಿಷ್ಠದ ಮೇಲೆ ಹೇಳುವ ಆ ಅಂಕ 90ಕ್ಕಿಂತ ಕೆಳಗಿದ್ದರೆ ಬಟ್ಟೆಯ ಚಿತ್ರಕ್ಕೆ ಆ ಬಲ್ಬು ಬೇಡ. ಬಲ್ಬಿನಿಂದ ವಸ್ತುವಿಗಿರುವ ದೂರವನ್ನೂ ಬದಲಿಸಬಾರದು, ಏಕೆಂದರೆ ಸಣ್ಣ ಮೂಲದಿಂದ ಹೊರಟ ಬೆಳಕು ದೂರ ಎರಡರಷ್ಟಾದಾಗ ನಾಲ್ಕನೆಯ ಒಂದು ಭಾಗಕ್ಕೆ ಇಳಿಯುತ್ತದೆ. ಭಾರತದ ವಿದ್ಯುತ್ ಸೆಕೆಂಡಿಗೆ 50 ಆವರ್ತನದ್ದಾದ್ದರಿಂದ ಅಗ್ಗದ ದೀಪಗಳು ಸೆಕೆಂಡಿಗೆ 100 ಸಲ ಮಿನುಗುತ್ತವೆ, ಚಿತ್ರದಲ್ಲಿ ಅಡ್ಡಪಟ್ಟೆಗಳು ಕಂಡರೆ ಕಾರಣ ಅದೇ. ಮೊಬೈಲಿನ ಪ್ರೊ ಮೋಡಿನಲ್ಲಿ ಶಟರ್ ವೇಗವನ್ನು ಸೆಕೆಂಡಿನ 50ನೆಯ ಅಥವಾ 100ನೆಯ ಒಂದು ಭಾಗಕ್ಕೆ ನಿಲ್ಲಿಸಿದರೆ ಪಟ್ಟೆಗಳು ಹೋಗುತ್ತವೆ.

ಬೆಳಕು ನಿಂತ ಮೇಲೆ ಕ್ಯಾಮೆರಾವನ್ನು ನಿಲ್ಲಿಸಬೇಕು. ಟ್ರೈಪಾಡ್ ಇದ್ದರೆ ಅದರ ಮೂರು ಕಾಲುಗಳ ಜಾಗಕ್ಕೂ, ವಸ್ತು ಇಡುವ ಜಾಗಕ್ಕೂ ಟೇಪಿನ ಗುರುತು ಹಾಕಿ, ಎತ್ತರವನ್ನು ಬರೆದಿಟ್ಟರೆ ಆರು ತಿಂಗಳ ನಂತರ ತೆಗೆದ ಚಿತ್ರವೂ ಇಂದಿನದರ ಪಕ್ಕದಲ್ಲಿ ಕುಳಿತುಕೊಳ್ಳುತ್ತದೆ. ಮೊಬೈಲಿನ ಮುಖ್ಯ ಮಸೂರ ಅಗಲನೋಟದ್ದಾಗಿರುವುದರಿಂದ ತೀರ ಹತ್ತಿರ ಹಿಡಿದರೆ ಮುಂದಿನ ಭಾಗ ಉಬ್ಬಿ, ಹಿಂದಿನ ಭಾಗ ಕುಗ್ಗಿ ಕಾಣುತ್ತದೆ. ಆದ್ದರಿಂದ ಹಿಂದೆ ಸರಿದು, ಫೋನಿನಲ್ಲಿ ಪ್ರತ್ಯೇಕ ಜೂಮ್ ಮಸೂರವಿದ್ದರೆ ಅದನ್ನು ಬಳಸುವುದು ಮೇಲು. ಇದಕ್ಕಿಂತ ಹೆಚ್ಚು ಜನ ಎಡವುವುದು ಬೆಳಕಿನ ಪ್ರಮಾಣವನ್ನು ಫೋನಿಗೇ ಬಿಟ್ಟುಕೊಡುವಲ್ಲಿ. ಕ್ಯಾಮೆರಾದ ಬೆಳಕಿನ ಮಾಪಕವು ಎದುರಿಗಿರುವ ದೃಶ್ಯ ಸರಾಸರಿಯಲ್ಲಿ ನಡುಬೂದು, ಅಂದರೆ ತನ್ನ ಮೇಲೆ ಬಿದ್ದ ಬೆಳಕಿನ ಸುಮಾರು ಶೇಕಡ 18ರಷ್ಟನ್ನು ಮರಳಿಸುವ ಬೂದು, ಎಂಬ ಗ್ರಹಿಕೆಯ ಮೇಲೆ ರೂಪುಗೊಂಡಿದೆ. ಬಿಳಿ ಹಿನ್ನೆಲೆಯ ಮೇಲಿನ ಬಿಳಿ ವಸ್ತುವನ್ನು ತೋರಿಸಿದರೆ ಅದು ಇಷ್ಟು ಬೆಳಕು ಅತಿಯಾಯಿತೆಂದು ಭಾವಿಸಿ ಎಲ್ಲವನ್ನೂ ಮಂಕಾಗಿಸುತ್ತದೆ, ಕಪ್ಪು ವಸ್ತುವನ್ನು ತೋರಿಸಿದರೆ ಬೆಳಗಿಸಿ ಬೂದಿಯ ಬಣ್ಣ ತರುತ್ತದೆ. ಪರದೆಯನ್ನು ಒತ್ತಿ ಹಿಡಿದು ಫೋಕಸ್ ಮತ್ತು ಬೆಳಕಿನ ಪ್ರಮಾಣವನ್ನು ಲಾಕ್ ಮಾಡಿ, ಪಕ್ಕದ ಸೂರ್ಯನ ಚಿಹ್ನೆಯನ್ನು ಬಿಳಿಗೆ ಸ್ವಲ್ಪ ಮೇಲಕ್ಕೆ, ಕಪ್ಪಿಗೆ ಸ್ವಲ್ಪ ಕೆಳಕ್ಕೆ ಎಳೆಯುವುದರಿಂದ ಈ ತಪ್ಪು ಸರಿಹೋಗುತ್ತದೆ. ದೃಶ್ಯವನ್ನು ತಾನೇ ಗುರುತಿಸಿ ಬಣ್ಣ ಏರಿಸುವ ಸೌಲಭ್ಯಗಳನ್ನೂ ಹಿನ್ನೆಲೆ ಮಸುಕಾಗಿಸುವ ಪೋರ್ಟ್ರೇಟ್ ಮೋಡನ್ನೂ ಮುಚ್ಚಿಡಬೇಕು; ಅವು ಮುಖಗಳಿಗಾಗಿ ಹುಟ್ಟಿದವು, ನೇಯ್ಗೆಗಾಗಿ ಅಲ್ಲ.

ಬಟ್ಟೆಯ ಬಣ್ಣಕ್ಕೂ ಛಾಯಾಗ್ರಹಣಕ್ಕೂ ಇರುವ ನಂಟು ಮೊದಲಿನಿಂದಲೂ ಜಟಿಲವಾದದ್ದು. ಲಂಡನ್ನಿನ ರಾಯಲ್ ಇನ್‌ಸ್ಟಿಟ್ಯೂಷನ್ನಿನಲ್ಲಿ 1861ರ ಮೇ ತಿಂಗಳಲ್ಲಿ ಜೇಮ್ಸ್ ಕ್ಲರ್ಕ್ ಮ್ಯಾಕ್ಸ್‌ವೆಲ್ ತೋರಿಸಿದ, ಜಗತ್ತಿನ ಮೊದಲ ವರ್ಣ ಛಾಯಾಚಿತ್ರಗಳಲ್ಲಿ ಒಂದೆಂದು ಪ್ರಸಿದ್ಧವಾದ ಚಿತ್ರ ಬಣ್ಣಬಣ್ಣದ ಗೆರೆಗಳ ಒಂದು ರಿಬ್ಬನ್ನಿನದು. ಕೆಂಪು, ಹಸಿರು, ನೀಲಿ ಶೋಧಕಗಳ ಮೂಲಕ ಥಾಮಸ್ ಸಟನ್ ತೆಗೆದುಕೊಟ್ಟ ಮೂರು ಚಿತ್ರಗಳನ್ನು ಒಂದರ ಮೇಲೊಂದು ಬೀರಿ ಮ್ಯಾಕ್ಸ್‌ವೆಲ್ ಬಣ್ಣವನ್ನು ಮರಳಿ ಕಟ್ಟಿದರು. ಅಂದಿನ ಛಾಯಾಫಲಕಗಳಿಗೆ ಕೆಂಪು ಬೆಳಕು ಕಾಣುತ್ತಲೇ ಇರಲಿಲ್ಲವಾದರೂ ರಿಬ್ಬನ್ನಿನ ಕೆಂಪು ಬಣ್ಣ ಕಣ್ಣಿಗೆ ಕಾಣದ ಅತಿನೇರಳೆ ಕಿರಣಗಳನ್ನೂ ಪ್ರತಿಫಲಿಸುತ್ತಿದ್ದುದರಿಂದ ಪ್ರಯೋಗ ಫಲಿಸಿತೆಂಬುದು ನೂರು ವರ್ಷಗಳ ನಂತರ, 1961ರಲ್ಲಿ, ತಿಳಿದುಬಂತು. ಕಣ್ಣು ನೋಡುವ ಕೆಂಪೂ ಯಂತ್ರ ನೋಡುವ ಕೆಂಪೂ ಒಂದೇ ಅಲ್ಲ ಎಂಬ ಆ ಪಾಠ ಇಂದಿನ ಮೊಬೈಲಿಗೂ ಅನ್ವಯಿಸುತ್ತದೆ. ಗಿರಿ ಕುಂಕುಮ, ದಾಳಿಂಬೆ ಕೆಂಪು ಎಂದು ಇಳಕಲ್ ಸೀರೆಗಳಲ್ಲಿ ಹೆಸರಾದ ಗಾಢ ಕೆಂಪುಗಳನ್ನು ತೆಗೆಯುವಾಗ ಕ್ಯಾಮೆರಾದ ಕೆಂಪು ಅಂಶ ತುಂಬಿ ಹರಿದು, ನೇಯ್ಗೆಯ ಎಳೆಗಳು ಅಳಿಸಿಹೋಗಿ, ಸೀರೆ ಬಣ್ಣದ ಡಬ್ಬಿ ಚೆಲ್ಲಿದಂತೆ ಚಪ್ಪಟೆಯಾಗುವುದುಂಟು. ಬೆಳಕಿನ ಪ್ರಮಾಣವನ್ನು ಸ್ವಲ್ಪ ಇಳಿಸಿ ತೆಗೆದು ಆಮೇಲೆ ತಿದ್ದುವಾಗ ಮೇಲೆತ್ತಿದರೆ ಎಳೆಗಳು ಉಳಿಯುತ್ತವೆ.

ಬಣ್ಣದ ಊಹೆಯನ್ನು ಖಚಿತಗೊಳಿಸುವ ಅಗ್ಗದ ಸಾಧನವೆಂದರೆ ಬೂದು ಕಾರ್ಡು. ಛಾಯಾಗ್ರಹಣದ ಸಾಮಗ್ರಿ ಮಾರುವಲ್ಲಿ ಸಿಗುವ ಈ ಕಾರ್ಡನ್ನು ಪ್ರತಿ ಸರದಿಯ ಮೊದಲ ಚಿತ್ರದಲ್ಲಿ ವಸ್ತುವಿನ ಪಕ್ಕದಲ್ಲಿರಿಸಿ ತೆಗೆದು, ತಿದ್ದುವಾಗ ವೈಟ್ ಬ್ಯಾಲೆನ್ಸ್ ಸಾಧನವನ್ನು ಆ ಕಾರ್ಡಿನ ಮೇಲೆ ಇರಿಸಿದರೆ ಸಾಕು, ಅದೇ ತಿದ್ದುಪಡಿಯನ್ನು ಆ ಸರದಿಯ ಉಳಿದ ಎಲ್ಲ ಚಿತ್ರಗಳಿಗೂ ಹಚ್ಚಬಹುದು. ಅದರ ಬದಲು ಸಾಮಾನ್ಯ ಬಿಳಿ ಹಾಳೆಯನ್ನು ಬಳಸುವವರಿದ್ದಾರೆ. ಆದರೆ ಹಾಳೆ ಬೆಳ್ಳಗೆ ಕಾಣಲೆಂದು ಸೇರಿಸುವ ರಾಸಾಯನಿಕಗಳು ಅತಿನೇರಳೆಯನ್ನು ನೀಲಿಯಾಗಿ ಪರಿವರ್ತಿಸುವುದರಿಂದ ಅದು ಪೂರ್ತಿ ನಂಬಿಕೆಗೆ ಅರ್ಹವಲ್ಲ. ಇಷ್ಟೆಲ್ಲ ಮಾಡಿದರೂ ಒಂದೊಂದು ಫೋನಿನ ಪರದೆ ಒಂದೊಂದು ಬಗೆಯಾಗಿ ತೋರಿಸುವುದನ್ನು ತಡೆಯಲಾಗದು. ಆ ಕಾರಣಕ್ಕೆ ವಿವರಣೆಯಲ್ಲಿ ಬರಿಯ ಹಸಿರು ಎಂದು ಬರೆಯದೆ ಗಿಳಿಹಸಿರು, ಎಲೆಹಸಿರು, ನವಿಲುಬಣ್ಣ ಎಂಬ ಹೆಸರುಗಳನ್ನು ಬಳಸುವುದು ಚಿತ್ರದಷ್ಟೇ ಕೆಲಸ ಮಾಡುತ್ತದೆ. ಕನ್ನಡದಲ್ಲಿ ಬಣ್ಣದ ಹೆಸರುಗಳಿಗೆ ಬಡತನವಿಲ್ಲ.

ಇಳಕಲ್ ಸೀರೆಯ ಮಟ್ಟಿಗೆ ಯಾವ ಯಾವ ಭಾಗಗಳನ್ನು ತೋರಿಸಬೇಕೆಂಬುದನ್ನು ಆ ನೇಯ್ಗೆಯೇ ನಿರ್ಧರಿಸಿಕೊಡುತ್ತದೆ. ಬಟ್ಟೆಯ ಉದ್ದಕ್ಕೆ ಓಡುವ ಎಳೆಗಳನ್ನು ಹಾಸು ಎಂದೂ ಅಡ್ಡ ಎಳೆಗಳನ್ನು ಹೊಕ್ಕು ಎಂದೂ ಕರೆಯುತ್ತಾರೆ. ಈ ಸೀರೆಯಲ್ಲಿ ಒಡಲಿನ ಹಾಸನ್ನೂ ಸೆರಗಿನ ಹಾಸನ್ನೂ ಬೇರೆ ಬೇರೆ ನೂಲಿನಿಂದ ಮಾಡಿ, ಎಳೆ ಎಳೆಯನ್ನೂ ಕುಣಿಕೆಯಾಗಿ ಒಂದಕ್ಕೊಂದು ಸಿಕ್ಕಿಸಿ ಸೇರಿಸುವ ಕೊಂಡಿ ವಿಧಾನವೇ ಇದರ ಗುರುತು. ಭೌಗೋಳಿಕ ಸೂಚಕದ ಮನ್ನಣೆ ಪಡೆದಿರುವ ಈ ಸೀರೆಯ ಹೆಸರಿನಲ್ಲಿ ಯಂತ್ರಮಗ್ಗದ ಅಗ್ಗದ ಬಟ್ಟೆಯೂ ಮಾರಾಟವಾಗುತ್ತಿರುವಾಗ, ಕೊಂಡಿಯ ಸಾಲನ್ನು ಹತ್ತಿರದಿಂದ, ಮುಂಬದಿ ಮತ್ತು ಹಿಂಬದಿಗಳೆರಡರಿಂದಲೂ ತೋರಿಸುವ ಚಿತ್ರ ಕೈಮಗ್ಗದವರು ಒದಗಿಸಬಹುದಾದ ಗಟ್ಟಿ ಪುರಾವೆ. ಆದರೂ ಈ ಒಂದು ಚಿತ್ರವೇ ಬಹುತೇಕ ಪುಟಗಳಲ್ಲಿ ಇರುವುದಿಲ್ಲ. ಅದರ ಜೊತೆಗೆ ಕೆಂಪಿನ ಮೇಲೆ ಬಿಳಿಯ ಗೋಪುರಗಳು ಸಾಲುಗಟ್ಟಿದಂತೆ ಕಾಣುವ ತೋಪು ತೆನಿ ಸೆರಗು ಪೂರ್ತಿ ಬಿಡಿಸಿದ್ದು, ಚಿಕ್ಕಿಯೋ ಗೋಮಿಯೋ ಯಾವ ದಡಿಯೆಂದು ತಿಳಿಯುವಂತೆ ಅಳತೆಪಟ್ಟಿಯಿಟ್ಟು ತೆಗೆದದ್ದು, ಒಡಲಿನ ಚೌಕಳಿ ಅಥವಾ ಗೆರೆಗಳ ಸಮೀಪದೃಶ್ಯ, ಮಡಿಕೆ ಹಾಕಿಟ್ಟ ಇಡೀ ಸೀರೆ ಇವಿಷ್ಟು ಪ್ರತಿ ಸೀರೆಗೂ ಅದೇ ಕ್ರಮದಲ್ಲಿ ಬಂದರೆ ಕೊಳ್ಳುವವರಿಗೆ ಹೋಲಿಕೆ ಸುಲಭ. ಸಣ್ಣ ಚೌಕಳಿಯ ಬಟ್ಟೆಯಲ್ಲಿ, ಇಲ್ಲದ ಅಲೆಗಳು ಹಬ್ಬಿದಂತೆ ಚಿತ್ರದಲ್ಲಿ ತೋರುವುದುಂಟು. ಎಳೆಗಳ ಅಂತರವೂ ಕ್ಯಾಮೆರಾದ ಸಂವೇದಕದ ಬಿಂದುಗಳ ಅಂತರವೂ ಹತ್ತಿರ ಹತ್ತಿರವಾದಾಗ ಹುಟ್ಟುವ ಈ ಭ್ರಮೆ ಕ್ಯಾಮೆರಾವನ್ನು ತುಸು ಹಿಂದೆ ಮುಂದೆ ಮಾಡಿದರೆ ಹೋಗುತ್ತದೆ. ಹಾಸಿಗೊಂದು ಹೊಕ್ಕಿಗೊಂದು ಬಣ್ಣವಿರುವ ರೇಷ್ಮೆಯೂ ಜರಿಯೂ ನೋಡುವ ಕೋನಕ್ಕೆ ತಕ್ಕಂತೆ ಬದಲಾಗುವುದರಿಂದ ಅವುಗಳಿಗೆ ಎರಡು ಕೋನಗಳ ಚಿತ್ರ ಬೇಕೇ ಬೇಕು.

ಚನ್ನಪಟ್ಟಣದ ಗೊಂಬೆಯ ಸಮಸ್ಯೆ ಬಣ್ಣದ್ದಲ್ಲ, ಹೊಳಪಿನದು. ಕಡೆಯುವ ಯಂತ್ರದಲ್ಲಿ ತಿರುಗುವ ಮರಕ್ಕೆ ಒತ್ತಿ ಹಿಡಿದ ಅರಗು ಘರ್ಷಣೆಯ ಕಾವಿಗೆ ಕರಗಿ ಅಂಟಿ, ಕನ್ನಡಿಯಂತೆ ನುಣುಪಾಗುತ್ತದೆ. ಅಂಥ ದುಂಡನೆಯ ಮೈಮೇಲೆ ಕಿಟಕಿಯ ಸರಳುಗಳು, ಫೋನು ಹಿಡಿದ ಕೈ ಎಲ್ಲವೂ ಮೂಡುತ್ತವೆ. ಹೊಳಪನ್ನು ಪೂರ್ತಿ ಅಳಿಸಲು ಹೊರಡುವುದು ತಪ್ಪು, ಏಕೆಂದರೆ ವಸ್ತು ದುಂಡಗಿದೆ, ನುಣುಪಾಗಿದೆ ಎಂದು ಕಣ್ಣಿಗೆ ಹೇಳುವುದು ಅದೇ. ಕಿಟಕಿಗೂ ಗೊಂಬೆಗೂ ನಡುವೆ ಬಟರ್ ಪೇಪರ್ ಚೌಕಟ್ಟು ನಿಲ್ಲಿಸಿ, ಸರಳುಗಳ ಬದಲು ಒಂದೇ ಉದ್ದನೆಯ ಮೃದು ಹೊಳಪು ಬೀಳುವಂತೆ ಮಾಡಿ, ಫೋನಿನ ಸುತ್ತ ರಂಧ್ರ ಕೊರೆದ ಕಪ್ಪು ಚಾರ್ಟ್ ಪೇಪರ್ ಹಿಡಿದರೆ ಗೊಂಬೆ ತನ್ನ ರೂಪದಲ್ಲಿ ನಿಲ್ಲುತ್ತದೆ. ಬೀದರಿನ ಬಿದರಿ ಪಾತ್ರೆಗೂ ಹೆಚ್ಚುಕಡಿಮೆ ಇದೇ ಉಪಾಯ: ಸುತ್ತ ಬಿಳಿ ಹಾಳೆಯ ಗೂಡು ಕಟ್ಟಿದರೆ ಬೆಳ್ಳಿಯ ಕುಸುರಿ ಆ ಬಿಳಿಯನ್ನು ಪ್ರತಿಫಲಿಸಿ ಬೆಳಗುತ್ತದೆ, ಕರಿಯ ಮೈ ಕರಿದಾಗಿಯೇ ಉಳಿಯುತ್ತದೆ.

ತಿದ್ದುವ ಹಂತದಲ್ಲಿ ಮಾಡಬೇಕಾದದ್ದು ಕಡಿಮೆ. ಸ್ನ್ಯಾಪ್‌ಸೀಡ್‌ನಂಥ ಉಚಿತ ಆ್ಯಪ್‌ನಲ್ಲಿ ಎಲ್ಲ ಚಿತ್ರಗಳಿಗೂ ಒಂದೇ ತಿದ್ದುಪಡಿ, ಒಂದೇ ಅನುಪಾತದ ಕತ್ತರಿಸುವಿಕೆ, ಸೀರೆಯ ಸಂಖ್ಯೆಯಿಂದ ಆರಂಭವಾಗುವ ಕಡತದ ಹೆಸರು ಇವು ಸಾಕು. ಅಮೆಜಾನ್ ತನ್ನ ಮುಖ್ಯ ಚಿತ್ರಕ್ಕೆ ಅಚ್ಚ ಬಿಳಿ ಹಿನ್ನೆಲೆಯನ್ನೂ, ಚೌಕಟ್ಟಿನ ಶೇಕಡ 85ರಷ್ಟನ್ನು ವಸ್ತುವೇ ತುಂಬಬೇಕೆಂಬುದನ್ನೂ ಕೇಳುತ್ತದೆ; ಉದ್ದನೆಯ ಬದಿ 1,000 ಪಿಕ್ಸೆಲ್‌ಗಿಂತ ಕಡಿಮೆಯಿದ್ದರೆ ಅಲ್ಲಿ ಹಿಗ್ಗಿಸಿ ನೋಡುವ ಅನುಕೂಲ ಸಿಗುವುದಿಲ್ಲ. ವಾಟ್ಸ್‌ಆ್ಯಪ್ ಮೂಲಕ ಕಳಿಸಿದ ಚಿತ್ರ ಕುಗ್ಗಿ ವಿವರ ಕಳೆದುಕೊಳ್ಳುವುದರಿಂದ ಅದನ್ನು ಡಾಕ್ಯುಮೆಂಟಾಗಿ ಕಳಿಸುವುದು ಒಳ್ಳೆಯದು. ಬಣ್ಣದ ಗಾಢತೆಯನ್ನು ಏರಿಸುವ ಗುಂಡಿಯನ್ನಂತೂ ಮುಟ್ಟಲೇಬಾರದು. ಹಿತ್ತಾಳೆಯ ದೀಪ, ಚೆಂಡುಹೂಗಳ ನಡುವೆ ಸೀರೆಯನ್ನಿಟ್ಟು ತೆಗೆದ ಒಂದು ಚಿತ್ರ ಕೊನೆಯಲ್ಲಿ ಇದ್ದರೆ ತಪ್ಪೇನಿಲ್ಲ, ಮೊದಲಿನದು ಮಾತ್ರ ಸಾದಾ ಆಗಿರಬೇಕು. ಕೃತಕ ಬುದ್ಧಿಮತ್ತೆಯ ಸಾಧನದಿಂದ ಇಲ್ಲದ ರೂಪದರ್ಶಿಗೆ ಸೀರೆ ಉಡಿಸಿದ ಚಿತ್ರಗಳನ್ನು ಮುಖ್ಯ ಚಿತ್ರವಾಗಿ ಬಳಸುವುದು ಇನ್ನೂ ದೊಡ್ಡ ತಪ್ಪು: ಆ ಸಾಧನಗಳು ದಡಿಯ ವಿನ್ಯಾಸವನ್ನು ನಕಲು ಮಾಡದೆ ತಮ್ಮದೇ ಊಹೆಯಿಂದ ಮತ್ತೆ ಬರೆಯಬಲ್ಲವು, ಹಾಗೆ ಬರೆದ ದಡಿಯನ್ನು ಯಾವ ನೇಕಾರರೂ ನೇಯ್ದಿರುವುದಿಲ್ಲ.

ಒಬ್ಬೊಬ್ಬ ನೇಕಾರರೂ ತಮ್ಮ ಮನೆಯಲ್ಲಿ ಕಿಟಕಿ, ಮೇಜು, ಬಿಳಿ ಗೋಡೆಗಳನ್ನು ಮೀಸಲಿಡುವುದು ಕಷ್ಟ. ಮಗ್ಗವೇ ಮನೆಯ ಮುಕ್ಕಾಲು ಜಾಗವನ್ನು ಹಿಡಿದಿರುತ್ತದೆ. ಆದ್ದರಿಂದ ಇಳಕಲ್, ಮೊಳಕಾಲ್ಮೂರು, ಗುಳೇದಗುಡ್ಡದಂಥ ಊರುಗಳ ನೇಕಾರರ ಸಹಕಾರ ಸಂಘಗಳು ತಮ್ಮ ಕಟ್ಟಡದಲ್ಲಿ ಒಳ್ಳೆಯ ಕಿಟಕಿಯಿರುವ ಒಂದು ಕೋಣೆಗೆ ಸುಣ್ಣ ಬಳಿಸಿ, ಮೇಜು, ಚಾರ್ಟ್ ಪೇಪರ್, ಥರ್ಮೋಕೋಲ್, ಬೂದು ಕಾರ್ಡು, ಟ್ರೈಪಾಡುಗಳನ್ನು ಅಲ್ಲಿ ಕಾಯಂ ಆಗಿ ಇರಿಸಿ, ಸೀರೆ ತಂದ ಸದಸ್ಯರಿಗೆಲ್ಲ ಅದೇ ಬೆಳಕಿನಲ್ಲಿ ಚಿತ್ರ ತೆಗೆದುಕೊಡುವ ಏರ್ಪಾಡು ಮಾಡಬೇಕು. ಅದಕ್ಕೆ ಬೇಕಾಗುವ ಹಣ ಸಣ್ಣದು, ಕೋಣೆಗಳು ಈಗಾಗಲೇ ಇವೆ.